ಬರೀ ಗೆದ್ದರೆ ಸಾಲದ ಟ್ರೋಫಿ

ಎತ್ತರ ಎರಡೂವರೆ ಅಡಿ, ತೂಕ 170 ಪೌಂಡ್, ಅಂದರೆ ಸುಮಾರು 77 ಕಿಲೋ. ಮೂರು ಮಗ್ಗುಲಿನ ಪೀಠದ ಮೇಲೆ ಮೂರು ಬೆಳ್ಳಿ ಚೆಂಡುಗಳು. ನಮ್ಮ ಫುಟ್‌ಬಾಲಿನಂತೆ ಗುಂಡಗಿನವಲ್ಲ. ಕೈಯಲ್ಲಿ ಅವುಚಿಕೊಂಡು ಓಡುವ ಅಮೆರಿಕನ್ ಫುಟ್‌ಬಾಲಿನವು, ಎರಡೂ ತುದಿ ಚೂಪು. ಜೊತೆಗೆ ಭೂಸೇನೆಯ ಹೇಸರಗತ್ತೆ, ನೌಕಾಪಡೆಯ ಹೋತ, ವಾಯುಪಡೆಯ ಗಿಡುಗ. ಇದು ಕಮಾಂಡರ್-ಇನ್-ಚೀಫ್ಸ್ ಟ್ರೋಫಿ. ವೆಸ್ಟ್ ಪಾಯಿಂಟ್, ಅನಾಪೊಲಿಸ್, ಕೊಲರಾಡೊ ಸ್ಪ್ರಿಂಗ್ಸ್‌ಗಳಲ್ಲಿರುವ ಅಮೆರಿಕದ ಮೂರು ಸೇನಾ ಅಕಾಡೆಮಿಗಳು ವರ್ಷವರ್ಷವೂ ಇದಕ್ಕಾಗಿ ಸೆಣಸುತ್ತವೆ. ಅಲ್ಲಿನ ಕಾಲೇಜು ಕ್ರೀಡೆಯಲ್ಲಿ ಇದಕ್ಕಿಂತ ದೊಡ್ಡ ಬಹುಮಾನಗಳು ಎಷ್ಟೋ ಇವೆ. ಆದರೆ ಟ್ರೋಫಿ ಯಾರ ಪಾಲಾಗಬೇಕು ಎಂಬುದಕ್ಕೆ ಇಷ್ಟು ಸರಳವಾದ, ಇಷ್ಟು ವಿವೇಕದ ನಿಯಮ ಅಪರೂಪ ಎಂಬುದು ನನ್ನ ವಾದ.

ಹಿನ್ನೆಲೆ ಚಿಕ್ಕದು. ಭೂಸೇನೆ ಮತ್ತು ನೌಕಾಪಡೆಯ ಅಕಾಡೆಮಿಗಳು ಮೊದಲು ಎದುರಾದದ್ದು 1890ರಲ್ಲಿ, ವೆಸ್ಟ್ ಪಾಯಿಂಟ್ ಮೈದಾನದಲ್ಲಿ. ನೌಕಾಪಡೆ 24-0ರಿಂದ ಗೆದ್ದಿತು. ವಾಯುಪಡೆಯ ಅಕಾಡೆಮಿ ಸ್ಥಾಪನೆಯಾದದ್ದೇ 1954ರಲ್ಲಿ. ಹಳೆಯ ಇಬ್ಬರ ಜಗಳದಲ್ಲಿ ಈ ಕಿರಿಯನಿಗೆ ಸಿಕ್ಕಿದ್ದು ಅರ್ಧ ಜಾಗ: ಒಂದು ವರ್ಷ ಒಬ್ಬರೊಡನೆ ಆಟ, ಮರುವರ್ಷ ಇನ್ನೊಬ್ಬರೊಡನೆ. ಮೂವರೂ ಪ್ರತಿ ವರ್ಷ ಪರಸ್ಪರ ಆಡಲಿ, ಅದಕ್ಕೊಂದು ಟ್ರೋಫಿ ಇರಲಿ ಎಂಬ ಯೋಚನೆ ಮುಂದಿಟ್ಟವರು ವಾಯುಪಡೆಯ ಜನರಲ್ ಜಾರ್ಜ್ ಸಿಮ್ಲರ್. ಹಿಂದೆ ಅದೇ ಅಕಾಡೆಮಿಯ ಕ್ರೀಡಾ ವಿಭಾಗದ ಮುಖ್ಯಸ್ಥರಾಗಿದ್ದವರು ಅವರು. ಮೂರೂ ಅಕಾಡೆಮಿಗಳ ಹಳೆಯ ವಿದ್ಯಾರ್ಥಿಗಳ ಸಂಘಗಳು ಕೈಜೋಡಿಸಿದವು; 1972ರಲ್ಲಿ ಟ್ರೋಫಿ ಶುರುವಾಯಿತು.

ಇನ್ನು ನಿಯಮ. ಮೂರು ತಂಡ, ಮೂರು ಪಂದ್ಯ, ಒಬ್ಬೊಬ್ಬರಿಗೂ ಎರಡೆರಡು. ಎರಡನ್ನೂ ಗೆದ್ದವರಿಗೆ ಟ್ರೋಫಿ. ಒಬ್ಬರು ಇನ್ನೊಬ್ಬರನ್ನು, ಅವರು ಮೂರನೆಯವರನ್ನು, ಮೂರನೆಯವರು ಮೊದಲಿನವರನ್ನು ಸೋಲಿಸಿ ಎಲ್ಲರೂ ಒಂದೊಂದು ಗೆಲುವಿಗೆ ನಿಂತರೆ? ಆಗ ಗೌರವ ಮೂವರದೂ, ಟ್ರೋಫಿ ಮಾತ್ರ ಹಿಂದಿನ ವರ್ಷ ಯಾರ ಬಳಿ ಇತ್ತೋ ಅವರ ಬಳಿಯೇ. ಮೂರು ಪಂದ್ಯಗಳ ಸೋಲು-ಗೆಲುವು ಎಂಟು ರೀತಿಯಲ್ಲಿ ಮುಗಿಯಬಹುದು. ಅದರಲ್ಲಿ ಎರಡು ಹೀಗೆ ಸುತ್ತು ಹಾಕುವಂಥವು. ಬಲ ಸಮನಾಗಿದ್ದರೆ ನಾಲ್ಕು ವರ್ಷಕ್ಕೊಮ್ಮೆ ಈ ಪ್ರಸಂಗ ಬರಬೇಕು, ಆದ್ದರಿಂದ ಇದು ನಿಯಮಾವಳಿಯ ಮೂಲೆಯ ಮಾತಲ್ಲ. 1993ನ್ನೇ ನೋಡಿ. ವಾಯುಪಡೆ ಭೂಸೇನೆಯನ್ನು ಸೋಲಿಸಿತ್ತು, ನೌಕಾಪಡೆ ವಾಯುಪಡೆಯನ್ನು. ಕೊನೆಯ ಪಂದ್ಯದಲ್ಲಿ ಭೂಸೇನೆ 16-14ರಿಂದ ಮುಂದಿದ್ದಾಗ, ಇನ್ನೇನು ಆಟ ಮುಗಿಯಬೇಕು ಎನ್ನುವ ಕ್ಷಣದಲ್ಲಿ ನೌಕಾಪಡೆಗೆ ಬರೀ 18 ಗಜದ ಒಂದು ಒದೆತ ಸಿಕ್ಕಿತು. ಕಂಬಗಳ ನಡುವೆ ಹಾದಿದ್ದರೆ ಪಂದ್ಯವೂ ಟ್ರೋಫಿಯೂ ನೌಕಾಪಡೆಯದು. ಮಳೆಯಲ್ಲಿ ಆ ಚೆಂಡು ಪಕ್ಕಕ್ಕೆ ಸರಿಯಿತು. ಲಾಭ ಆದದ್ದು ಅಂದು ಮೈದಾನದಲ್ಲೇ ಇರದ ವಾಯುಪಡೆಗೆ. ಹಿಂದಿನ ವರ್ಷ ಗೆದ್ದಿದ್ದ ಟ್ರೋಫಿ ಅಲ್ಲೇ ಉಳಿಯಿತು. 2021ರಲ್ಲಿ ಮತ್ತೆ ಸುತ್ತು: ವಾಯುಪಡೆ ನೌಕಾಪಡೆಯನ್ನು 23-3ರಿಂದ, ಭೂಸೇನೆ ವಾಯುಪಡೆಯನ್ನು ಹೆಚ್ಚುವರಿ ಅವಧಿಯಲ್ಲಿ 21-14ರಿಂದ, ನೌಕಾಪಡೆ ಭೂಸೇನೆಯನ್ನು 17-13ರಿಂದ ಸೋಲಿಸಿತು. ಕೊನೆಯ ಪಂದ್ಯ ಸೋತ ಭೂಸೇನೆಯೇ ಟ್ರೋಫಿ ಉಳಿಸಿಕೊಂಡಿತು.

ಇದು ಅನ್ಯಾಯ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾಗದು. ಈ ವರ್ಷದ ಆಟಕ್ಕೆ ಹೋದ ವರ್ಷದ ಫಲಿತಾಂಶ ಯಾಕೆ ಅಡ್ಡ ಬರಬೇಕು? ಅಂಕಗಳ ಅಂತರ ಲೆಕ್ಕ ಹಾಕಿದ್ದರೆ 2021ರಲ್ಲಿ 20 ಅಂಕಗಳಿಂದ ಗೆದ್ದ ವಾಯುಪಡೆಗೇ ಸಲ್ಲಬೇಕಿತ್ತು. ಆದರೆ ಆ ಲೆಕ್ಕ ಬಂದ ದಿನ ಆಟದ ಗುಣವೇ ಬದಲಾಗುತ್ತದೆ. ಸೋತಾಗಿರುವ ತಂಡವನ್ನು ಇನ್ನಷ್ಟು ಬಡಿಯುವುದೇ ಜಾಣತನವಾಗುತ್ತದೆ. ಪದವಿ ಮುಗಿಸಿ ಕನಿಷ್ಠ ಐದು ವರ್ಷ ಒಂದೇ ದೇಶದ ಸೇನೆಯಲ್ಲಿ ದುಡಿಯಬೇಕಾದ ಹುಡುಗರಿಗೆ ಅಂಥ ಜಾಣತನ ಕಲಿಸಬಾರದು. ಇನ್ನು, ಇರುವವರ ಕೈಯಿಂದ ಕಿತ್ತುಕೊಂಡರೆ ಮಾತ್ರ ನಿಮ್ಮದು ಎಂಬ ತತ್ವ ನಮಗೂ ಹೊಸದಲ್ಲ. 2003-04ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಸರಣಿ 1-1ರಲ್ಲಿ ಮುಗಿದಾಗ ಬಾರ್ಡರ್-ಗಾವಸ್ಕರ್ ಟ್ರೋಫಿ ಭಾರತದ ಬಳಿಯೇ ಉಳಿದದ್ದು ಇದೇ ನಿಯಮದಿಂದ. ಅಡಿಲೇಡ್‌ನಲ್ಲಿ ರಾಹುಲ್ ದ್ರಾವಿಡ್ ಹೊಡೆದ 233 ಮತ್ತು ಔಟಾಗದೆ 72 ರನ್ನುಗಳ ಬೆಲೆಯನ್ನು ಆ ನಿಯಮ ಕಡಿಮೆ ಮಾಡಲಿಲ್ಲ, ಹೆಚ್ಚಿಸಿತು.

ಇನ್ನೊಂದು ಆಕ್ಷೇಪ: ಇದು ಹೆಸರಿಗಷ್ಟೇ ತ್ರಿಕೋನ, ಜನ ಕಾಯುವುದು ಡಿಸೆಂಬರಿನ ಭೂಸೇನೆ-ನೌಕಾಪಡೆ ಪಂದ್ಯಕ್ಕೆ ಮಾತ್ರ. ಆ ಪಂದ್ಯದ ಮೆರುಗು ದೊಡ್ಡದು ನಿಜ. ಆದರೆ 2022ರ ಹೊತ್ತಿಗೆ ಟ್ರೋಫಿಯನ್ನು 21 ಬಾರಿ ಗೆದ್ದು ಎಲ್ಲರಿಗಿಂತ ಮುಂದಿದ್ದದ್ದು ಆ ಕಿರಿಯ ವಾಯುಪಡೆಯೇ. ಹಿರಿಯ ಭೂಸೇನೆಯಾದರೋ 1996ರ ನಂತರ ಮತ್ತೆ ಗೆಲ್ಲಲು 2017ರವರೆಗೆ ಕಾಯಬೇಕಾಯಿತು. ಮೂರನೆಯವರನ್ನು ಸೇರಿಸಿಕೊಳ್ಳುವುದು ಉಪಚಾರದ ಮಾತಾಗಿದ್ದರೆ ಲೆಕ್ಕ ಹೀಗಿರುತ್ತಿರಲಿಲ್ಲ. ಆಟದ ಮಟ್ಟ ಸಾಲದು ಎಂಬ ದೂರೂ ಇದೆ. 2021ರಿಂದ ಅಮೆರಿಕದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖಗಳಿಂದ ಹಣ ಗಳಿಸಬಹುದು; ಈ ಕೆಡೆಟ್‌ಗಳಿಗೆ ಆ ದಾರಿ ಇಲ್ಲ. ಸೇನೆಯ ದೇಹತೂಕದ ಕಟ್ಟುಪಾಡಿನಿಂದಾಗಿ ಭಾರೀ ಆಳುಗಳನ್ನು ಕಲೆಹಾಕುವುದೂ ಕಷ್ಟ. ಅದಕ್ಕೇ ಇಲ್ಲಿ ದೂರ ಎಸೆಯುವ ಆಟಕ್ಕಿಂತ, ಎದುರಾಳಿಯನ್ನು ದಿಕ್ಕು ತಪ್ಪಿಸಿ ಚೆಂಡು ಹೊತ್ತು ಓಡುವ ಟ್ರಿಪಲ್ ಆಪ್ಷನ್ ಪದ್ಧತಿ ಬೇರೂರಿತು. ಹಳೆಯದು ಎನ್ನಿ, ಆದರೆ ಬಡತನದಲ್ಲಿ ಹುಟ್ಟಿದ ಬುದ್ಧಿ ಅದು. ಟಿವಿ ಹಣದ ಬೆನ್ನು ಹತ್ತಿ ಲೀಗ್ ಬದಲಿಸಿದ ಕಾಲೇಜುಗಳು ಶತಮಾನದ ಪೈಪೋಟಿಗಳನ್ನೇ ಕೈಬಿಟ್ಟಿವೆ. ಓಕ್ಲಹೋಮಾದ ಎರಡು ವಿಶ್ವವಿದ್ಯಾಲಯಗಳ ವಾರ್ಷಿಕ ಪಂದ್ಯ 2023ಕ್ಕೆ ನಿಂತಿತು. ನೌಕಾಪಡೆ ಮತ್ತು ಭೂಸೇನೆ ಒಂದು ಲೀಗಿನಲ್ಲಿ, ವಾಯುಪಡೆ ಇನ್ನೊಂದರಲ್ಲಿ ಆಡಿದರೂ ಈ ಮೂರು ಪಂದ್ಯ ಮಾತ್ರ ತಪ್ಪುವುದಿಲ್ಲ. ಟ್ರೋಫಿಗೆ ಅದರ ಪುಣ್ಯದಲ್ಲಿ ಪಾಲಿದೆ.

ಗೆದ್ದ ತಂಡಕ್ಕೆ ಟ್ರೋಫಿ ಕೊಡುವುದು ಸೇನೆಯ ಪರಮೋಚ್ಚ ದಂಡನಾಯಕ, ಅಂದರೆ ದೇಶದ ಅಧ್ಯಕ್ಷ. ಸಮಾರಂಭ ಹೆಚ್ಚಾಗಿ ಶ್ವೇತಭವನದಲ್ಲಿ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಭೂಸೇನೆ-ನೌಕಾಪಡೆ ಪಂದ್ಯ ಮುಗಿದ ಕೂಡಲೇ ನಡೆಯುವ ಪದ್ಧತಿ. ಎರಡೂ ತಂಡ ಒಟ್ಟಿಗೆ ಮೊದಲು ಸೋತವರ ಕೆಡೆಟ್‌ಗಳ ಮುಂದೆ ಹೋಗಿ ನಿಲ್ಲುತ್ತವೆ; ಸೋತವರ ಕಾಲೇಜುಗೀತೆಗೆ ಗೆದ್ದವರೂ ತಲೆಬಾಗುತ್ತಾರೆ. ಗೆದ್ದವರ ಹಾಡು ಆಮೇಲೆ. 'ಎರಡನೆಯದಾಗಿ ಹಾಡುವುದು' ಎಂದರೆ ಅಲ್ಲಿ ಗೆಲ್ಲುವುದು ಎಂದೇ ಅರ್ಥ. ಮೊದಲ ವರ್ಷ ಟ್ರೋಫಿ ಗೆದ್ದದ್ದು ಭೂಸೇನೆ. ಅದನ್ನು ನೋಡಲು ಜನರಲ್ ಸಿಮ್ಲರ್ ಇರಲಿಲ್ಲ. ಅದೇ 1972ರ ಸೆಪ್ಟೆಂಬರಿನಲ್ಲಿ, ಟೆಕ್ಸಸ್‌ನ ರ‍್ಯಾಂಡಾಲ್ಫ್ ವಾಯುನೆಲೆಯಲ್ಲಿ ಟಿ-38 ತರಬೇತಿ ವಿಮಾನ ಅಪಘಾತಕ್ಕೀಡಾಗಿ ಅವರು ತೀರಿಕೊಂಡಿದ್ದರು.