ಹುಡುಗಿಯ ಮೌನಕ್ಕೆ ‘ಸ್ವಭಾವ’ ಎಂಬ ಕಾರಣ ಸಾಕೆ?

ಹುಕ್ಕೇರಿ ತಾಲ್ಲೂಕಿನ ಬೆಲ್ಲದ ಬಾಗೇವಾಡಿಯಂತಹ ಊರುಗಳಲ್ಲಿ ಕಬ್ಬಿನ ಬಿಲ್ಲು, ಸಾಲದ ಕಂತು, ಮನೆಯೊಳಗಿನ ಜಗಳ ಇವೆಲ್ಲ ಹಿರಿಯರ ಚಿಂತೆಗಳೆಂದೇ ಭಾವಿಸಲಾಗುತ್ತದೆ. ಆದರೆ ಅದೇ ಮನೆಯಲ್ಲಿ ಪುಸ್ತಕ ಹಿಡಿದು ಕುಳಿತ ಹೈಸ್ಕೂಲು ಬಾಲಕಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತಾಳೆ. ಕ್ರಮೇಣ ಆಕೆ ಮಾತು ಕಡಿಮೆ ಮಾಡಿದರೆ, ‘ಹುಡುಗಿ ದೊಡ್ಡವಳಾದಳು, ಗಂಭೀರಳಾದಳು’ ಎಂದು ಮನೆಯವರು ಸಮಾಧಾನಪಡುವುದುಂಟು. ಖಿನ್ನತೆ ಗುರುತು ಸಿಗದೆ ಬೆಳೆಯುವುದು ಇಲ್ಲಿಯೇ.

ಬಾಲ್ಯದಲ್ಲಿ ಗಂಡು, ಹೆಣ್ಣು ಮಕ್ಕಳಲ್ಲಿ ಖಿನ್ನತೆಯ ಪ್ರಮಾಣ ಹೆಚ್ಚುಕಡಿಮೆ ಸಮನಾಗಿರುತ್ತದೆ. ಹದಿಹರೆಯಕ್ಕೆ ಕಾಲಿಟ್ಟ ಬಳಿಕ ಹುಡುಗಿಯರಲ್ಲಿ ಅದು ಸುಮಾರು ಎರಡು ಪಟ್ಟಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಒಂದಿಲ್ಲೊಂದು ಮಾನಸಿಕ ಸಮಸ್ಯೆಯಿತ್ತು.

ಮನೆಯೋ, ಮನಸ್ಸೋ?

ತಂದೆಯ ಕುಡಿತ, ತಂದೆ-ತಾಯಿಯ ನಿತ್ಯ ಕಲಹ, ಎಡೆಬಿಡದ ಟೀಕೆ, ತಾಯಿಯ ಖಿನ್ನತೆ ಇವು ಮಗಳ ಅಪಾಯವನ್ನು ಹೆಚ್ಚಿಸುತ್ತವೆ. ಆದರೂ ಒಂದೇ ಮನೆಯ ಅಕ್ಕ-ತಂಗಿಯರಲ್ಲಿ ಒಬ್ಬಳು ಕುಗ್ಗಿದರೆ ಮತ್ತೊಬ್ಬಳು ತಾಳಿಕೊಳ್ಳುತ್ತಾಳೆ. ಬೇಗ ನೊಂದುಕೊಳ್ಳುವ, ಎಲ್ಲ ತಪ್ಪನ್ನೂ ತನ್ನ ಮೇಲೆಯೇ ಹೊತ್ತುಕೊಳ್ಳುವ ಸ್ವಭಾವದವರಿಗೆ ಪೆಟ್ಟು ಹೆಚ್ಚು. ಆದ ನೋವನ್ನೇ ಮತ್ತೆ ಮತ್ತೆ ಮೆಲುಕು ಹಾಕುವ ಅಭ್ಯಾಸವು ಖಿನ್ನತೆಯನ್ನು ದೀರ್ಘವಾಗಿಸುತ್ತದೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞೆ ಸೂಸನ್ ನೋಲೆನ್-ಹೋಕ್ಸೆಮಾ 1991ರಲ್ಲಿ ಪ್ರತಿಪಾದಿಸಿದ್ದರು.

ಇವೆರಡೂ ಒಂದನ್ನೊಂದು ಬೆಳೆಸುತ್ತವೆ ಎಂಬುದು ಗಮನಾರ್ಹ. ಕುಗ್ಗಿದ ಹುಡುಗಿ ಸಿಡುಕುತ್ತಾಳೆ. ಸಿಡುಕಿದ್ದಕ್ಕೆ ಬೈಗುಳ ಬೀಳುತ್ತದೆ. ಬೈಗುಳದಿಂದ ಆಕೆ ಇನ್ನಷ್ಟು ಕುಗ್ಗುತ್ತಾಳೆ. ಹೀಗಾಗಿ ಮನೆಯನ್ನಷ್ಟೇ ದೂರುವುದೂ ‘ಅವಳ ಗುಣವೇ ಹಾಗೆ’ ಎಂದು ಕೈಚೆಲ್ಲುವುದೂ ಸರಿಯಲ್ಲ.

ಲಕ್ಷಣಗಳೇನು?

ಹುಟ್ಟಿನಿಂದಲೇ ಮಿತಭಾಷಿಯಾಗಿರುವುದು ಕಾಯಿಲೆಯಲ್ಲ. ಮೊದಲಿದ್ದ ಹುಡುಗಿ ಬದಲಾದಳೇ ಎಂಬುದು ಮುಖ್ಯ. ಎರಡು ವಾರಕ್ಕೂ ಮೀರಿ ಬಹುತೇಕ ದಿನವೆಲ್ಲ ಬೇಸರ ಅಥವಾ ಸಿಡುಕು, ಆಟ-ಗೆಳತಿಯರಲ್ಲಿ ನಿರಾಸಕ್ತಿ, ನಿದ್ರೆ-ಹಸಿವಿನಲ್ಲಿ ಏರುಪೇರು, ಓದಿನಲ್ಲಿ ಹಿನ್ನಡೆ, ‘ನಾನು ಯಾರಿಗೂ ಬೇಡ’ ಎಂಬ ಮಾತು ಕಂಡುಬಂದರೆ ಉದಾಸೀನ ಸಲ್ಲದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳುವುದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ. ಬದಲಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ.

ಮಾಡಬೇಕಾದದ್ದು

ಸಾಲ ಒಂದೇ ದಿನದಲ್ಲಿ ತೀರದು, ಸ್ವಭಾವವೂ ಬದಲಾಗದು. ಆದರೆ ಅವ್ವ, ಅಜ್ಜಿ, ಸೋದರತ್ತೆ ಅಥವಾ ಶಿಕ್ಷಕಿ, ಹೀಗೆ ಬೈಯದೆ ಕೇಳಿಸಿಕೊಳ್ಳುವ ಒಬ್ಬ ಹಿರಿಯರು ಇದ್ದರೂ ಅದು ದೊಡ್ಡ ಆಸರೆ. ಆಪ್ತ ಸಮಾಲೋಚನೆಯಿಂದ ಅನೇಕರು ಚೇತರಿಸಿಕೊಳ್ಳುತ್ತಾರೆ. ಅಗತ್ಯವಿದ್ದರೆ ವೈದ್ಯರು ಔಷಧ ನೀಡುತ್ತಾರೆ. ತಾಲ್ಲೂಕು ಆಸ್ಪತ್ರೆಯ ವೈದ್ಯರಲ್ಲಿ ಮೊದಲು ವಿಚಾರಿಸಬಹುದು. ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್ ಇದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ 24 ಗಂಟೆಯೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮದುವೆ ಮಾಡಿದರೆ ಸರಿಹೋದೀತು ಎಂಬ ಸಲಹೆ ಮಾತ್ರ ಚಿಕಿತ್ಸೆಯಲ್ಲ. 18 ತುಂಬದ ಹುಡುಗಿಗೆ ಅದು ಕಾನೂನಿನ ಪ್ರಕಾರ ಅಪರಾಧವೂ ಹೌದು.