ಮಕ್ಕಳಿಗೆ ಕಡಿಮೆ ಬಲದ ಎಂ.ಆರ್.ಐ.

ಮಗುವಿಗೆ ಎಂ.ಆರ್.ಐ. ಮಾಡಿಸಬೇಕೆಂದು ವೈದ್ಯರು ಹೇಳಿದ ಕೂಡಲೇ ತಂದೆತಾಯಿಯರ ಎದೆ ಧಸಕ್ಕೆನ್ನುತ್ತದೆ. ಕಿರಣಗಳಿಂದ ತೊಂದರೆಯಾಗುವುದೇ? ಅರಿವಳಿಕೆ ಏಕೆ ಕೊಡಬೇಕು? ಹೀಗೆ ಕೇಳುವುದು ಸಹಜ.

ಮೊದಲನೆಯ ಭಯ ಬೇಡ. ಎಂ.ಆರ್.ಐ.ಯಲ್ಲಿ ಕ್ಷ-ಕಿರಣಗಳಿಲ್ಲ. ಶರೀರದ ನೀರಿನಲ್ಲಿರುವ ಜಲಜನಕದ ಕಣಗಳು ಪುಟ್ಟ ಅಯಸ್ಕಾಂತಗಳಂತೆ ವರ್ತಿಸುತ್ತವೆ. ದೊಡ್ಡ ಅಯಸ್ಕಾಂತದೊಳಗೆ ಅವುಗಳಿಗೆ ರೇಡಿಯೋ ತರಂಗ ಹಾಯಿಸಿದಾಗ ಹೊರಡುವ ಕ್ಷೀಣ ಸಂಕೇತವನ್ನು ಕಂಪ್ಯೂಟರ್ ಚಿತ್ರವಾಗಿಸುತ್ತದೆ.

ಅರಿವಳಿಕೆಯ ಪ್ರಶ್ನೆ ಬೇರೆ. ಆಸ್ಪತ್ರೆಗಳಲ್ಲಿರುವ ಸಾಮಾನ್ಯ ಯಂತ್ರಗಳ ಬಲ 1.5 ಅಥವಾ 3 ಟೆಸ್ಲಾ. ಕಿರಿದಾದ ಸುರಂಗ, ಸುತ್ತಿಗೆ ಬಡಿದಂಥ ಸದ್ದು. ಮಗು ಅಲುಗಾಡಿದರೆ ಚಿತ್ರ ಕೆಡುತ್ತದೆ. ಎಳೆಗೂಸಿಗೆ ಹಾಲೂಡಿಸಿ, ಬಟ್ಟೆಯಲ್ಲಿ ಸುತ್ತಿ ಮಲಗಿಸಬಹುದು. ಎರಡು ಮೂರು ವರ್ಷದ ಮಗುವಿಗೆ ಹಲವು ವೇಳೆ ಔಷಧಿಯ ನಿದ್ರೆಯೇ ಬೇಕಾಗುತ್ತದೆ.

ಹಾಸಿಗೆಯ ಬಳಿಗೆ ಬರುವ ಯಂತ್ರ

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ? ಈ ಆಲೋಚನೆಯಿಂದ ಬಂದದ್ದು ಕಡಿಮೆ ಬಲದ ಎಂ.ಆರ್.ಐ. ಗಾಲಿಗಳ ಮೇಲೆ ಚಲಿಸುವ, ಕೇವಲ 0.064 ಟೆಸ್ಲಾ ಬಲದ ಯಂತ್ರವೊಂದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಒಪ್ಪಿಗೆ ನೀಡಿತು. ಸಾಮಾನ್ಯ ವಿದ್ಯುತ್ ಪ್ಲಗ್ ಸಾಕು. ಸದ್ದು ಕಡಿಮೆ. ತಾಯಿ ಪಕ್ಕದಲ್ಲೇ ಕುಳಿತಿರಬಹುದು. ಅವಧಿಗೆ ಮುನ್ನ ಹುಟ್ಟಿ ತೀವ್ರ ನಿಗಾ ಘಟಕದಲ್ಲಿರುವ ಕೂಸನ್ನು ಹೊತ್ತೊಯ್ಯುವ ಅಪಾಯ ತಪ್ಪುತ್ತದೆ.

ಉಗಾಂಡಾದಲ್ಲಿ ಸೋಂಕಿನ ನಂತರ ಮಕ್ಕಳ ತಲೆಯಲ್ಲಿ ನೀರು ತುಂಬುವ ಹೈಡ್ರೊಸೆಫಲಸ್ ಕಾಯಿಲೆ ಹೆಚ್ಚು. ನೀರು ಎಲ್ಲಿ, ಎಷ್ಟು ತುಂಬಿದೆ ಎಂದು ತಿಳಿಯಲು ಅತಿ ನವಿರಾದ ಚಿತ್ರವೇ ಬೇಕೆಂದಿಲ್ಲ. 2022ರಲ್ಲಿ ಅಲ್ಲಿನ ಎಂಬರಾರಾ ನಗರದಲ್ಲೇ ಇಂಥ ಅಗ್ಗದ ಯಂತ್ರವನ್ನು ಜೋಡಿಸಲಾಯಿತು.

ಗರ್ಭದಲ್ಲಿರುವ ಶಿಶುವಿಗೆ

ಗರ್ಭಿಣಿಗೆ ಮೊದಲ ಪರೀಕ್ಷೆ ಅಲ್ಟ್ರಾಸೌಂಡ್. ಅದರಲ್ಲಿ ಶಿಶುವಿನ ಮೆದುಳು ಅಥವಾ ಶ್ವಾಸಕೋಶದ ಬಗ್ಗೆ ಸಂಶಯ ಬಂದರೆ, ಸಾಮಾನ್ಯವಾಗಿ ಐದನೆಯ ತಿಂಗಳ ಬಳಿಕ ಎಂ.ಆರ್.ಐ. ನೆರವಾಗುತ್ತದೆ. ಇದಕ್ಕೆ ಗಾಲಿಯ ಯಂತ್ರ ಸಾಲದು. 0.55 ಟೆಸ್ಲಾ ಯಂತ್ರಗಳನ್ನು ಲಂಡನ್ನಿನ ಕಿಂಗ್ಸ್ ಕಾಲೇಜಿನ ತಜ್ಞರು ಬಳಸಿ ನೋಡುತ್ತಿದ್ದಾರೆ. ಇದರ ಸುರಂಗದ ಅಗಲ 80 ಸೆಂಟಿಮೀಟರ್. ತುಂಬು ಗರ್ಭಿಣಿಗೂ ಉಸಿರು ಕಟ್ಟಿದಂತಾಗದು. ರೇಡಿಯೋ ತರಂಗಗಳಿಂದ ಶರೀರಕ್ಕೆ ತಗಲುವ ಬಿಸಿಯೂ ಕಡಿಮೆ.

ಮಿತಿಗಳನ್ನು ತಿಳಿದಿರಿ

ಬಲ ಕುಗ್ಗಿದಂತೆ ಚಿತ್ರದ ಸ್ಪಷ್ಟತೆಯೂ ಕುಗ್ಗುತ್ತದೆ. ಮೂರ್ಛೆರೋಗಕ್ಕೆ ಕಾರಣವಾಗುವ ಸಣ್ಣ ಕಲೆ, ಪುಟ್ಟ ಗೆಡ್ಡೆ ಇದರಲ್ಲಿ ಕಾಣದೇ ಹೋಗಬಹುದು. ಕೊಡಲಿಯೇ ಬೇಕಾದಲ್ಲಿ ಉಗುರು ಸಾಲದು. ವೈದ್ಯರು ದೊಡ್ಡ ಯಂತ್ರವನ್ನೇ ಸೂಚಿಸಿದರೆ ಅರಿವಳಿಕೆಗೆ ಹೆದರಿ ಪರೀಕ್ಷೆಯನ್ನು ಮುಂದೂಡಬೇಡಿ.

ನೀವು ಮಾಡಬೇಕಾದದ್ದು

* ಈ ಪರೀಕ್ಷೆಯಿಂದ ಚಿಕಿತ್ಸೆ ಬದಲಾಗುವುದೇ, ಅರಿವಳಿಕೆ ಇಲ್ಲದೆ ಆಗುವುದೇ ಎಂದು ವೈದ್ಯರನ್ನು ಕೇಳಿ.

* ಅರಿವಳಿಕೆ ಇದ್ದರೆ ಹೇಳಿದಷ್ಟು ಹೊತ್ತು ಹಾಲು, ಆಹಾರ ಕೊಡಬೇಡಿ. ಅಳುತ್ತದೆಂದು ಮರುಗಿ ಗುಟ್ಟಾಗಿ ಹಾಲೂಡಿಸಿದರೆ ವಾಂತಿ ಶ್ವಾಸಕೋಶಕ್ಕಿಳಿದು ಪ್ರಾಣಕ್ಕೇ ಅಪಾಯ.

* ಉಡಿದಾರ, ಕಾಲ್ಗೆಜ್ಜೆ, ತಾಯಿತ, ಪಿನ್ನು ತೆಗೆದಿಡಿ. ಶರೀರದೊಳಗೆ ಲೋಹವೋ ಉಪಕರಣವೋ ಇದ್ದರೆ ಮೊದಲೇ ತಿಳಿಸಿ.

* ಗರ್ಭಿಣಿಯಾಗಿದ್ದರೆ ತಿಂಗಳೆಷ್ಟೆಂದು ಹೇಳಿ. ಶಿಶು ಗಂಡೋ ಹೆಣ್ಣೋ ಎಂದು ಮಾತ್ರ ಕೇಳಬೇಡಿ. 1994ರ ಕಾಯಿದೆಯಂತೆ ಅದು ಅಪರಾಧ.