ಬೆಂಕಿಯಂತ್ರಗಳ ಹಳೆಯ ಅಚ್ಚುಚಿತ್ರಗಳು

ಬೆಂಕಿ ನಂದಿಸುವ ಯಂತ್ರಗಳ ಹಳೆಯ ಅಚ್ಚುಚಿತ್ರಗಳನ್ನು ಸಂಗ್ರಹಿಸುವವರು 1690ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಪ್ರಕಟವಾದ ಒಂದು ಗ್ರಂಥವನ್ನು ಅರಿಯದೆ ಮುಂದೆ ಸಾಗಲಾರರು. ಚರ್ಮದ ಕೊಳವೆಯ ಯಂತ್ರವನ್ನು ವರ್ಣಿಸುವ ಈ ಸಚಿತ್ರ ಗ್ರಂಥದ ಕರ್ತೃ ಯಾನ್ ವಾನ್ ಡರ್ ಹೈಡೆನ್ (1637–1712). ಗೋಡೆಯ ಇಟ್ಟಿಗೆಗಳನ್ನು ಎಣಿಸಬಹುದಾದಷ್ಟು ಸೂಕ್ಷ್ಮವಾಗಿ ನಗರದೃಶ್ಯಗಳನ್ನು ಬರೆದ ಚಿತ್ರಕಾರನೀತ. ಆ ನಗರದ ಬೀದಿದೀಪಗಳ ಯೋಜನೆಯೂ ಈತನದೇ.

ಅದುವರೆಗಿನ ಯಂತ್ರವೆಂದರೆ ಒಂದು ತೊಟ್ಟಿ, ಅದರೊಳಗೊಂದು ಪಂಪು, ಮೇಲೊಂದು ಬಿಗಿದ ಮೂತಿ. ಜನರು ಸಾಲಾಗಿ ನಿಂತು ಬಕೀಟುಗಳಿಂದ ತೊಟ್ಟಿಯನ್ನು ತುಂಬಬೇಕು. ಯಂತ್ರವನ್ನು ಉರಿಯುವ ಮನೆಯ ಸಮೀಪಕ್ಕೇ ಒಯ್ಯಬೇಕು. ಬೀದಿಯಿಂದ ಚಿಮ್ಮಿದ ನೀರು ಒಳಗಣ ಉರಿಯ ಬುಡವನ್ನು ಮುಟ್ಟುವುದು ದುರ್ಲಭವಾಗಿತ್ತು. 1672ರ ಸುಮಾರಿಗೆ ಯಾನ್ ಮತ್ತು ಅವನ ಸೋದರ ನಿಕೊಲಾಸ್ ಮಾಡಿದ್ದಿಷ್ಟು: ಮೂತಿಯನ್ನು ಯಂತ್ರದಿಂದ ಬಿಡಿಸಿ ಉದ್ದನೆಯ ಚರ್ಮದ ಕೊಳವೆಯ ತುದಿಗೆ ಜೋಡಿಸಿದರು. ಯಂತ್ರವು ದೂರದಲ್ಲಿಯೇ ನಿಂತಿತು; ಆಳು ಕೊಳವೆ ಹಿಡಿದು ಮೆಟ್ಟಿಲೇರಿ ಉರಿಯ ಬಳಿಗೇ ಹೋಗುವಂತಾಯಿತು.

ಗ್ರಂಥದ ಚಿತ್ರಗಳ ಜೀವಾಳ ಈ ಹೋಲಿಕೆಯೇ. 1652ರಲ್ಲಿ ಸುಟ್ಟುಹೋದ ಹಳೆಯ ಪುರಭವನ ಒಂದರಲ್ಲಿದೆ. ಆಗ ಹೈಡೆನನು ಹದಿಹರೆಯದ ಹುಡುಗ. ಇನ್ನೊಂದರಲ್ಲಿ ಉರಿಯುವ ಮನೆಯನ್ನು ಸೀಳಿ ತೋರಿಸಿದಂತೆ ಅಂತಸ್ತು ಅಂತಸ್ತಾಗಿ ಒಳಭಾಗ ಕಾಣುತ್ತದೆ. ಹಳೆಯ ಪದ್ಧತಿಯ ಗೊಂದಲವನ್ನೂ ಹೊಸದರ ಶಿಸ್ತನ್ನೂ ಎದುರುಬದುರು ನಿಲ್ಲಿಸುವುದೇ ಆತನ ವಾದದ ರೀತಿ. ಇಲ್ಲಿ ಒಂದು ಮಾತನ್ನು ಮರೆಯಲಾಗದು: ಬರೆದವನೇ ಯಂತ್ರಗಳನ್ನು ತಯಾರಿಸಿ ಮಾರುತ್ತಿದ್ದವನು. ಚಿತ್ರವು ಸಾಕ್ಷ್ಯವೂ ಹೌದು, ಜಾಹೀರಾತೂ ಹೌದು.

ಆದುದರಿಂದಲೇ ಗ್ರಂಥವನ್ನು ಬಿಚ್ಚಿ ಹಾಳೆಗಳನ್ನು ಬಿಡಿಬಿಡಿಯಾಗಿ ಮಾರುವುದು ಕೇವಲ ಪುಸ್ತಕದ ಹಾನಿಯಲ್ಲ. ಗೊಂದಲದ ಹಾಳೆಯೊಂದೇ ಚೌಕಟ್ಟು ಸೇರಿದರೆ, ಪ್ರತಿಸ್ಪರ್ಧಿಯ ಆಕ್ಷೇಪವು ಇತಿಹಾಸದ ಯಥಾವತ್ ವರದಿಯಂತೆ ತೋರುತ್ತದೆ. ಬಿಡಿ ಹಾಳೆಯನ್ನು ಕೊಳ್ಳುವವನು ಅದರ ಜೊತೆಯ ಹಾಳೆ ಯಾವುದೆಂದು ಮೊದಲು ತಿಳಿಯಬೇಕು. ಬೆಲೆಯ ವಿಚಾರ ಆಮೇಲೆ.

ಪರೀಕ್ಷೆಗೆ ಕೆಲವು ಗುರುತುಗಳಿವೆ. ಗ್ರಂಥ 1735ರಲ್ಲಿ ಮತ್ತೆ ಅಚ್ಚಾಯಿತು. ಹಾಳೆ ಯಾವ ಆವೃತ್ತಿಯದೆಂಬುದನ್ನು ವಿಚಾರಿಸತಕ್ಕದ್ದು. ತಾಮ್ರಫಲಕವನ್ನು ಒತ್ತಿ ಅಚ್ಚುಮಾಡಿದಾಗ ಚಿತ್ರದ ಸುತ್ತ ಅದರ ಅಂಚು ತಗ್ಗಾಗಿ ಮೂಡುತ್ತದೆ. ಬೆಳಕಿಗೆ ಹಿಡಿದರೆ ಕೈಕಾಗದದ ಗೆರೆಗಳು ಕಾಣುತ್ತವೆ. ಭೂತಗನ್ನಡಿಯಲ್ಲಿ ಗೆರೆಗಳ ಬದಲು ಸಾಲು ಚುಕ್ಕೆಗಳು ಕಂಡರೆ ಅದು ಈಚಿನ ಛಾಯಾಮುದ್ರಣ. ಫಲಕಗಳು ಅಚ್ಚಾದದ್ದು ಕಪ್ಪುಮಸಿಯಲ್ಲಿ; ಬಣ್ಣವಿದ್ದರೆ ಅದು ಕೈಯಿಂದ ತುಂಬಿದ್ದು. ನಡುವಣ ಮಡಿಕೆಯನ್ನು ಕುಂದೆಂದು ಬಗೆದು ಅಂಚು ಕತ್ತರಿಸಿ ಅಂದಗೊಳಿಸುವವರುಂಟು. ಹಾಳೆ ಪುಸ್ತಕದಿಂದ ಬಂದದ್ದೆಂಬುದಕ್ಕೆ ಉಳಿದ ಗುರುತು ಆ ಮಡಿಕೆಯೇ.